ಹಳೆಯ ಟಿಲ್ಲರಿಗೆ ಅಂಗಳದ ಕೆಲಸ



ಅಂಚೆಟ್ಟಿಯ ಸುತ್ತಿನ ಊರುಗಳಿಗೆ ಮನೆಭೇಟಿಗೆ ಹೋದಾಗ ಕೆಲವು ಮನೆಗಳಲ್ಲಿ ಒಂದೇ ರೀತಿಯ ನೋಟ ನಮ್ಮ ಕಣ್ಣಿಗೆ ಬೀಳುತ್ತದೆ. ಕೊಟ್ಟಿಗೆಯ ಪಕ್ಕದಲ್ಲೋ ಹುಣಸೆಮರದ ಕೆಳಗೋ ಒಂದು ಹಳೆಯ ಪವರ್ ಟಿಲ್ಲರ್ ನಿಂತಿರುತ್ತದೆ. ಬಣ್ಣ ಮಾಸಿದೆ, ಒಂದು ಚಕ್ರದಲ್ಲಿ ಗಾಳಿಯಿಲ್ಲ, ಸೀಟಿನ ಮೇಲೆ ಕೋಳಿ ಕಾವಿಗೆ ಕುಳಿತಿದೆ. "ಇದು ನಮ್ಮಪ್ಪನ ಕಾಲದ್ದು ಸ್ವಾಮಿ. ಹೊಲ ಉಳೋಕೆ ಈಗ ಬಾಡಿಗೆ ಟ್ರ್ಯಾಕ್ಟರು ಬರ್ತದೆ. ಇದನ್ನ ಗುಜರಿಗೆ ಹಾಕೋಣ ಅಂತಿದ್ದೀವಿ" ಎಂದು ಮನೆಯವರು ಹೇಳುತ್ತಾರೆ.

ಗುಜರಿಗೆ ಹಾಕುವ ಮೊದಲು ಸ್ವಲ್ಪ ಯೋಚಿಸಿರಿ ಎಂಬುದು ಈ ಪಾಠದ ಮೊದಲನೆಯ ಮಾತು. ಹೊಲ ಉಳುವಷ್ಟು ಕಸುವು ಇಲ್ಲದ ಯಂತ್ರಕ್ಕೂ ಮನೆಯ ಸುತ್ತ ಇನ್ನೂ ಹಲವು ವರ್ಷಗಳ ಕೆಲಸವಿರುತ್ತದೆ. ಎರಡನೆಯ ಮಾತು ಇದಕ್ಕಿಂತಲೂ ಮುಖ್ಯವಾದುದು. ಹೊಲದಲ್ಲಿ ಯಂತ್ರದ ಬಳಿ ಇರುವವನು ಅದನ್ನು ನಡೆಸುವವನೊಬ್ಬನೇ. ಅಂಗಳದಲ್ಲಿಯಾದರೋ ತಾಯಂದಿರು, ಮಕ್ಕಳು, ವಯಸ್ಸಾದವರು, ದನಕರುಗಳು ಎಲ್ಲರೂ ಇರುತ್ತಾರೆ. ಆದುದರಿಂದ ಯಂತ್ರವನ್ನು ಅಂಗಳಕ್ಕೆ ತರುವ ಮೊದಲು ಅಂಗಳವನ್ನೂ ಮನೆಯವರನ್ನೂ ಅದಕ್ಕೆ ಸಿದ್ಧಪಡಿಸಬೇಕು.

ಇದನ್ನು ಬರೆಯಲು ನಮಗೊಂದು ಕಾರಣವಿದೆ. ಹಲವು ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆವು. ಅಲ್ಲಿ ಒಂದು ಮನೆಯವರು ಹಳೆಯ ಟಿಲ್ಲರಿನ ಎಂಜಿನ್ನಿಗೆ ಬೆಲ್ಟು ಹಾಕಿ ಬಾವಿಯ ನೀರೆತ್ತುತ್ತಿದ್ದರು. ಬೆಲ್ಟಿಗೆ ಮುಚ್ಚಳವಿರಲಿಲ್ಲ. ಒಂದು ದಿನ ಯಜಮಾನರು ನೀರು ತಿರುಗಿಸಲು ತೋಟದ ಆ ತುದಿಗೆ ಹೋಗಿದ್ದರು. ಬಟ್ಟೆ ಒಗೆಯಲು ಬಂದ ಸೊಸೆಯ ಸೆರಗು ಗಾಳಿಗೆ ಹಾರಿ ಬೆಲ್ಟಿಗೆ ಸಿಕ್ಕಿತು. ಅತ್ತೆಯೂ ಮಕ್ಕಳೂ ಓಡಿಬಂದರು, ಆದರೆ ಎಂಜಿನ್ ನಿಲ್ಲಿಸುವುದು ಹೇಗೆಂದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಯಜಮಾನರು ಕೂಗು ಕೇಳಿ ಬರುವಷ್ಟರಲ್ಲಿ ಆ ತಾಯಿಯ ಬಲಗೈ ಹೋಗಿತ್ತು. ಪ್ರಾಣ ಉಳಿಯಿತು. ಅದಕ್ಕೆ ಒಂದು ವಾರ ಮುಂಚೆ ನಾವು ಅದೇ ಮನೆಯಲ್ಲಿ ಕಾಫಿ ಕುಡಿದು, ಅದೇ ಬೆಲ್ಟನ್ನು ನೋಡಿ, ಏನೂ ಹೇಳದೆ ಎದ್ದು ಬಂದಿದ್ದೆವು. ಆ ದಿನ ಹೇಳದೆ ಹೋದ ಮಾತನ್ನು ಈಗ ನಿಮಗೆ ಹೇಳುತ್ತಿದ್ದೇವೆ.

ಈ ಯಂತ್ರಗಳು ಬಂದ ಬಗೆ

ಟಿಲ್ಲರ್ ಎಂದರೆ ಎರಡು ಚಕ್ರದ, ಹಿಂದೆ ನಡೆದುಕೊಂಡು ಹಿಡಿಯುವ ಟ್ರ್ಯಾಕ್ಟರು. ಜಪಾನಿನ ಸಣ್ಣ ಗದ್ದೆಗಳಿಗೆ ಹೊಂದುವಂತೆ ಬೆಳೆದುಬಂದ ಯಂತ್ರ ಇದು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಕಂಪೆನಿಯು ಜಪಾನಿನ ಮಿತ್ಸುಬಿಷಿಯ ಸಹಕಾರದಿಂದ ಇದನ್ನು ನಮ್ಮ ಕಡೆಯ ರೈತರಿಗೆ ಪರಿಚಯಿಸಿತು. ಕೇರಳದ ಅತ್ತಾಣಿಯಲ್ಲಿ 1973ರಲ್ಲಿ ಸ್ಥಾಪನೆಯಾದ ಕಾಮ್ಕೊ ಸಂಸ್ಥೆಯು ಕುಬೋಟಾ ಮಾದರಿಯ ಟಿಲ್ಲರುಗಳನ್ನು ತಯಾರಿಸಿತು. ಇವೆರಡರಲ್ಲಿಯೂ ಇರುವುದು 12–13 ಅಶ್ವಶಕ್ತಿಯ, ನೀರಿನಿಂದ ತಂಪಾಗುವ, ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್. ವಿ.ಎಸ್.ಟಿ.ಯವರ ನಾಲ್ಕು ಚಕ್ರದ ಸಣ್ಣ ಟ್ರ್ಯಾಕ್ಟರುಗಳು ನಮ್ಮ ಹೊಸೂರಿನ ಕಾರ್ಖಾನೆಯಲ್ಲಿಯೇ ತಯಾರಾಗಿವೆ.

ಹಳೆಯ ಸಣ್ಣ ಯಂತ್ರವನ್ನು ಮನೆಗೆಲಸಕ್ಕೆ ಉಳಿಸಿಕೊಳ್ಳುವುದು ನಮ್ಮಲ್ಲಿ ಮಾತ್ರ ಇರುವ ರೂಢಿಯಲ್ಲ. ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪೆನಿಯು 1960ರ ದಶಕದ ಆರಂಭದಲ್ಲಿ ಕಬ್ ಕೆಡೆಟ್ ಎಂಬ ತೋಟದ ಪುಟ್ಟ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. ಆ ಕಾಲದ ಯಂತ್ರಗಳನ್ನು ಇಂದಿಗೂ ದುರಸ್ತಿ ಮಾಡಿಟ್ಟುಕೊಂಡು ಹುಲ್ಲು ಕತ್ತರಿಸಲು, ಸೌದೆ ಸಾಗಿಸಲು, ಹಿಮ ತಳ್ಳಲು ಬಳಸುವವರು ಅಲ್ಲಿದ್ದಾರೆ. ಸರಳವಾದ ಯಂತ್ರ ಬೇಗ ಕೆಡುವುದಿಲ್ಲ, ಕೆಟ್ಟರೂ ಊರಿನ ಮೆಕ್ಯಾನಿಕ್ ಸರಿಮಾಡಬಲ್ಲ ಎಂಬುದೇ ಇದರ ಗುಟ್ಟು.

ಮೊದಲು ಯಂತ್ರದ ಪರೀಕ್ಷೆ

ವೈದ್ಯರು ನಾಲಗೆ, ನಾಡಿ ನೋಡುವಂತೆ ಯಂತ್ರದಲ್ಲಿಯೂ ಕೆಲವು ಗುರುತುಗಳನ್ನು ನೋಡಬೇಕು.

1. ಎಣ್ಣೆ. ಅಳತೆ ಕಡ್ಡಿಯನ್ನು ಎಳೆದು ನೋಡಿರಿ. ಎಣ್ಣೆ ಕಪ್ಪಗಿದ್ದರೆ ಬದಲಾಯಿಸಿರಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಒಳಗೆ ನೀರು ಸೇರಿದೆ, ಮೆಕ್ಯಾನಿಕ್ಕಿಗೆ ತೋರಿಸದೆ ಚಾಲೂ ಮಾಡಬೇಡಿರಿ.

2. ಹೊಗೆ. ಕಪ್ಪು ಹೊಗೆ ಬಂದರೆ ಹೊರೆ ಹೆಚ್ಚಾಗಿದೆ ಅಥವಾ ಗಾಳಿಯ ಫಿಲ್ಟರು ಕಟ್ಟಿಕೊಂಡಿದೆ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಸುಡುತ್ತಿದೆ, ಅಂದರೆ ರಿಂಗು ಸವೆದಿದೆ. ಬೆಳಗ್ಗೆ ಚಾಲೂ ಮಾಡಿದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುವುದು ಸಹಜ. ಬಿಸಿಯಾದ ಮೇಲೂ ಬಿಡದಿದ್ದರೆ ದೋಷವಿದೆ.

3. ಬೆಲ್ಟು. ಬಿರುಕು ಬಿಟ್ಟ, ಅಂಚು ಸೀಳಿದ ಬೆಲ್ಟನ್ನು ಎಸೆಯಿರಿ. ಎರಡು ಮೂರು ಬೆಲ್ಟುಗಳು ಜೊತೆಯಾಗಿ ಓಡುವ ಕಡೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕು. ಹಳೆಯದರ ಜೊತೆ ಹೊಸದನ್ನು ಹಾಕಿದರೆ ಹೊಸದೊಂದೇ ಹೊರೆ ಹೊತ್ತು ಬೇಗ ಸವೆಯುತ್ತದೆ.

4. ನಿಲ್ಲಿಸುವ ಲಿವರು. ಎಳೆದ ಕೂಡಲೇ ಎಂಜಿನ್ ನಿಲ್ಲಬೇಕು. ಡೀಸೆಲ್ ನಲ್ಲಿಯನ್ನು ಮುಚ್ಚಿ ನಿಲ್ಲಿಸುವ ಅಭ್ಯಾಸ ಕೆಲವರಿಗಿದೆ. ಕೊಳವೆಯಲ್ಲಿರುವ ಡೀಸೆಲ್ ಮುಗಿಯುವ ತನಕ ಎಂಜಿನ್ ಓಡುತ್ತಲೇ ಇರುತ್ತದೆ. ಅಪಾಯದ ಹೊತ್ತಿನಲ್ಲಿ ಅದು ಉಪಯೋಗಕ್ಕೆ ಬಾರದು.

ಅಂಗಳದ ಕೆಲಸಕ್ಕೆ ಮಣ್ಣು ಅಗೆಯುವ ರೋಟರಿ ಭಾಗ ಬೇಕಾಗಿಲ್ಲ. ಅದನ್ನು ಬಿಚ್ಚಿ ಒಳಗಿಡಿರಿ. ಯಂತ್ರವನ್ನು ಹಿಂದಕ್ಕೆ ನಡೆಸುವಾಗ ರೋಟರಿಯ ಬ್ಲೇಡುಗಳು ಕಾಲಿಗೆ ಬಡಿದು ಆಗುವ ಗಾಯಗಳು ಘೋರವಾದವು.

ಯಾವ ಯಾವ ಕೆಲಸಗಳಿಗೆ ಆಗುತ್ತದೆ?

ನೀರೆತ್ತಲು: ಎಂಜಿನ್ನಿಗೆ ಪುಲ್ಲಿ ಕೂರಿಸಿ ಬೆಲ್ಟಿನಿಂದ ಪಂಪನ್ನು ಓಡಿಸಬಹುದು. ನೆಲದ ಮೇಲಿಟ್ಟ ಪಂಪು ಸುಮಾರು 6–7 ಮೀಟರ್ ಆಳದಿಂದ ಮಾತ್ರ ನೀರನ್ನು ಮೇಲಕ್ಕೆ ಹೀರಬಲ್ಲದು. ಆದುದರಿಂದ ತೆರೆದ ಬಾವಿ, ತೊಟ್ಟಿ, ಹಳ್ಳಗಳಿಗೆ ಇದು ಸರಿ, ಆಳವಾದ ಕೊಳವೆಬಾವಿಗೆ ಆಗದು. ನೀರು ಕೆಳಗಿಳಿಯಿತೆಂದು ಎಂಜಿನ್ನನ್ನು ಬಾವಿಯೊಳಗಿನ ಮೆಟ್ಟಿಲ ಮೇಲೆ ಇಳಿಸಿ ಓಡಿಸುವುದನ್ನು ಎಂದಿಗೂ ಮಾಡಬೇಡಿರಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಬ್ಬನು ಬಿದ್ದನೆಂದು ಎತ್ತಲು ಇಳಿದವನೂ ಅಲ್ಲಿಯೇ ಬೀಳುತ್ತಾನೆ.

ಮೇವು ಕತ್ತರಿಸಲು: ರಾಗಿ ಹುಲ್ಲು, ಜೋಳದ ಕಡ್ಡಿಯನ್ನು ಇಡಿಯಾಗಿ ಹಾಕಿದರೆ ದನಗಳು ಸೊಪ್ಪು ತಿಂದು ಕಡ್ಡಿ ಬಿಡುತ್ತವೆ. ಕತ್ತರಿಸಿ ಹಾಕಿದರೆ ದಂಟು ಹಾಳಾಗುವುದು ಕಡಿಮೆ. ಬೇಸಿಗೆಯಲ್ಲಿ ಮೇವು ಕೊಂಡುತರುವ ಮನೆಗೆ ಇದು ದೊಡ್ಡ ಉಳಿತಾಯ.

ಗೊಬ್ಬರ ಸಾಗಿಸಲು: ತಿಪ್ಪೆಯ ಗೊಬ್ಬರ, ಸೌದೆ, ಕಲ್ಲು, ಕುಡಿಯುವ ನೀರಿನ ಡ್ರಮ್ಮುಗಳನ್ನು ಸಾಗಿಸಲು ಟ್ರೇಲರು ಸಾಕು. ತಲೆಯ ಮೇಲೆ ಗೊಬ್ಬರದ ಮಂಕರಿ ಹೊತ್ತು ಕತ್ತು, ಸೊಂಟ ನೋಯಿಸಿಕೊಳ್ಳುವ ನಮ್ಮ ತಾಯಂದಿರಿಗೆ ಈ ಕೆಲಸವೊಂದು ತಪ್ಪಿದರೂ ಟಿಲ್ಲರು ಉಳಿಸಿಕೊಂಡದ್ದು ಸಾರ್ಥಕವೇ.

ಒಕ್ಕಣೆಗೆ: ಸಣ್ಣ ಟ್ರ್ಯಾಕ್ಟರಿನಿಂದ ಕಣದಲ್ಲಿ ರೋಣಗಲ್ಲು ಎಳೆಸಬಹುದು. ಟಿಲ್ಲರಾದರೆ ಖಾಲಿ ಟ್ರೇಲರು ಕಟ್ಟಿಕೊಂಡು ಹರಡಿದ ತೆನೆಯ ಮೇಲೆ ಸುತ್ತು ಬರಬಹುದು. ಹಳೆಯ ಎಂಜಿನ್ನಿನಿಂದ ಎಣ್ಣೆ ತೊಟ್ಟಿಕ್ಕುತ್ತದೆ. ಅಡಿಯಲ್ಲಿ ತಗಡಿನ ತಟ್ಟೆ ಕಟ್ಟದೆ ರಾಗಿಯ ಮೇಲೆ ಓಡಿಸಬೇಡಿರಿ, ಚಕ್ರಗಳನ್ನೂ ತೊಳೆದುಕೊಳ್ಳಿರಿ.

ಕೊಯ್ಲಿನ ಕಾಲಕ್ಕೆ ಆನೆಗಳ ಹಿಂಡು ಬನ್ನೇರುಘಟ್ಟದ ಕಡೆಯಿಂದ ಡೆಂಕಣಿಕೋಟೆಯ ಕಾಡುಗಳಿಗೆ ಬರುವುದು ನಮಗೆಲ್ಲರಿಗೂ ಗೊತ್ತು. ಮೆದೆ ಎಷ್ಟು ದಿನ ಹೊಲದಲ್ಲಿರುತ್ತದೋ ಅಷ್ಟು ದಿನ ನಮಗೆ ನಿದ್ದೆಯಿಲ್ಲ. ಬಾಡಿಗೆ ಯಂತ್ರದ ಸರದಿಗಾಗಿ ಕಾಯುವ ಬದಲು ಮನೆಯ ಯಂತ್ರದಿಂದಲೇ ಒಕ್ಕಿ ರಾಗಿಯನ್ನು ಒಳಗೆ ತರುವುದು ಜಾಣತನ. ಆದರೆ ಅವಸರಕ್ಕೆ ಡಾಂಬರು ರಸ್ತೆಯ ಮೇಲೆ ಹರಡಬೇಡಿರಿ. ದ್ವಿಚಕ್ರ ವಾಹನಗಳು ಜಾರಿ ಬೀಳುತ್ತವೆ. ಹುರುಳಿ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ ಘಟನೆಗಳು ಕರ್ನಾಟಕದಲ್ಲಿ ನಡೆದಿವೆ. ನಮ್ಮ ರಾಗಿಗಾಗಿ ಇನ್ನೊಬ್ಬರ ಮಗ ರಸ್ತೆಯಲ್ಲಿ ಬೀಳಬಾರದು.

ಪುಲ್ಲಿಯ ಲೆಕ್ಕ

ಎಂಜಿನ್ನಿಗೆ ಯಾವುದೋ ಒಂದು ಪುಲ್ಲಿ ಹಾಕಿ ಓಡಿಸುವುದೇ ಅನೇಕ ಅಪಘಾತಗಳ ಮೂಲ. ಲೆಕ್ಕ ಸುಲಭವಾಗಿದೆ. ಎಂಜಿನ್ನಿನ ಸುತ್ತುಗಳನ್ನು ಎಂಜಿನ್ ಪುಲ್ಲಿಯ ಅಗಲದಿಂದ ಗುಣಿಸಿರಿ. ಬಂದುದನ್ನು ಯಂತ್ರಕ್ಕೆ ಬೇಕಾದ ಸುತ್ತುಗಳಿಂದ ಭಾಗಿಸಿರಿ. ಉತ್ತರವೇ ಯಂತ್ರಕ್ಕೆ ಬೇಕಾದ ಪುಲ್ಲಿಯ ಅಗಲ.

ಉದಾಹರಣೆಗೆ, ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತದೆ, ಅದರ ಪುಲ್ಲಿ 6 ಅಂಗುಲ. ಪಂಪಿಗೆ ಬೇಕಾದುದು 1500 ಸುತ್ತು. 2000ವನ್ನು 6ರಿಂದ ಗುಣಿಸಿದರೆ 12000. ಅದನ್ನು 1500ರಿಂದ ಭಾಗಿಸಿದರೆ 8. ಪಂಪಿಗೆ 8 ಅಂಗುಲದ ಪುಲ್ಲಿ ಬೇಕು. ಅಲ್ಲಿ 4 ಅಂಗುಲದ ಪುಲ್ಲಿ ಹಾಕಿದರೆ ಪಂಪು 3000 ಸುತ್ತು ತಿರುಗಬೇಕಾಗುತ್ತದೆ. ಮೇವು ಕತ್ತರಿಸುವ ಯಂತ್ರದ ಭಾರವಾದ ಚಕ್ರ ಹೀಗೆ ಮಿತಿಮೀರಿ ತಿರುಗಿದರೆ ಬ್ಲೇಡು ಕಿತ್ತು ಹಾರಬಹುದು. ಯಂತ್ರದ ಮೇಲಿನ ತಗಡಿನಲ್ಲಿ ಬರೆದಿರುವ ಸುತ್ತುಗಳನ್ನು ಓದಿಕೊಂಡೇ ಪುಲ್ಲಿ ಕೊಳ್ಳಿರಿ.

ಡೀಸೆಲ್ ಖರ್ಚನ್ನೂ ನೀವೇ ಅಳೆಯಬಹುದು. ಟ್ಯಾಂಕನ್ನು ಅಂಚಿನವರೆಗೆ ತುಂಬಿ ಒಂದು ಗಂಟೆ ಕೆಲಸ ಮಾಡಿಸಿ. ಎಂಜಿನ್ ಆರಿದ ಮೇಲೆ ಲೀಟರ್ ಬಾಟಲಿಯಿಂದ ಮತ್ತೆ ಅಂಚಿನವರೆಗೆ ತುಂಬಿರಿ. ಹಿಡಿಸಿದಷ್ಟೇ ಒಂದು ಗಂಟೆಯ ಖರ್ಚು. ಅದನ್ನು ಬಾಡಿಗೆಯ ದರದೊಂದಿಗೆ ಹೋಲಿಸಿ, ಯಾವ ಕೆಲಸಕ್ಕೆ ಯಂತ್ರ ಲಾಭ, ಯಾವುದಕ್ಕೆ ನಷ್ಟ ಎಂದು ತೀರ್ಮಾನಿಸಿರಿ. ವಿದ್ಯುತ್ ಮೋಟಾರು ಇರುವ ಮನೆಯಲ್ಲಿ ನೀರಿಗಾಗಿ ಡೀಸೆಲ್ ಸುಡುವುದು ಲಾಭವಲ್ಲ, ಕರೆಂಟು ಹೋದಾಗ ಮಾತ್ರ ಅದು ಆಸರೆ.

ನಮ್ಮ ಇಳಿಜಾರುಗಳ ಪಾಠ

ಇದನ್ನು ಗುಡ್ಡದ ಊರಿನವರು ವಿಶೇಷವಾಗಿ ಗಮನಿಸಿರಿ. ಟಿಲ್ಲರಿನ ಹ್ಯಾಂಡಲಿನ ಎರಡು ಬದಿಗಳಲ್ಲಿ ತಿರುಗಿಸುವ ಕ್ಲಚ್ಚುಗಳಿವೆ. ಸಮನೆಲದಲ್ಲಿ ಬಲಗಡೆಯದನ್ನು ಹಿಡಿದರೆ ಬಲಚಕ್ರಕ್ಕೆ ಶಕ್ತಿ ನಿಲ್ಲುತ್ತದೆ, ಎಡಚಕ್ರ ಮುಂದೆ ತಳ್ಳುತ್ತದೆ, ಯಂತ್ರ ಬಲಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಹೊರೆಯೇ ಹಿಂದಿನಿಂದ ನೂಕುತ್ತಿರುತ್ತದೆ, ಎಂಜಿನ್ ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಅಲ್ಲಿ ಬಲಗಡೆಯ ಕ್ಲಚ್ಚು ಹಿಡಿದರೆ ಬಲಚಕ್ರ ತಡೆಯಿಲ್ಲದೆ ಉರುಳುತ್ತದೆ, ಯಂತ್ರ ಎಡಕ್ಕೆ ತಿರುಗುತ್ತದೆ! ಬಲಕ್ಕೆ ಹೋಗಬೇಕೆಂದು ಹಿಡಿದವನು ಎಡಗಡೆಯ ಹಳ್ಳಕ್ಕೆ ಬೀಳುತ್ತಾನೆ.

ಆದುದರಿಂದ ಇಳಿಜಾರಿಗೆ ಮುನ್ನವೇ ನಿಲ್ಲಿಸಿ ಚಿಕ್ಕ ಗೇರಿಗೆ ಬದಲಾಯಿಸಿರಿ. ಇಳಿಯುವಾಗ ತಿರುಗಿಸುವ ಕ್ಲಚ್ಚನ್ನು ಮುಟ್ಟದೆ ಹ್ಯಾಂಡಲಿನಿಂದಲೇ ನಿಧಾನವಾಗಿ ತಿರುಗಿಸಿರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಸಬೇಡಿರಿ. ಟ್ರೇಲರಿನ ಬ್ರೇಕು ಹಿಡಿಯದಿದ್ದರೆ ಗೊಬ್ಬರ ತುಂಬಬೇಡಿರಿ, ಮನುಷ್ಯರನ್ನಂತೂ ಕೂರಿಸಲೇಬೇಡಿರಿ. ಹಬ್ಬಕ್ಕೆ, ಮದುವೆಗೆ ಟ್ರೇಲರಿನಲ್ಲಿ ಕುಟುಂಬವನ್ನೇ ತುಂಬಿಕೊಂಡು ಬರುವವರಿಗೂ ಈ ಮಾತು ಅನ್ವಯಿಸುತ್ತದೆ.

ಅಂಗಳದ ಆರು ನಿಯಮಗಳು

1. ಬೆಲ್ಟಿಗೆ ಮುಚ್ಚಳವಿಲ್ಲದೆ ಎಂಜಿನ್ ಚಾಲೂ ಆಗಬಾರದು. ಹಳೆಯ ತಗಡು, ಕಬ್ಬಿಣದ ಜಾಲರಿ, ಮರದ ಹಲಗೆ ಯಾವುದಾದರೂ ಸರಿ. ಸೆರಗು, ಲುಂಗಿ, ಜಡೆ, ಟವೆಲ್ಲು ಒಳಗೆ ಹೋಗುವಂತಿರಬಾರದು.

2. ನಿಲ್ಲಿಸುವ ಲಿವರಿಗೆ ಕೆಂಪು ಬಣ್ಣ ಬಳಿಯಿರಿ. ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಮಗುವಿನವರೆಗೆ ಎಲ್ಲರೂ ಅದನ್ನು ಒಮ್ಮೆ ಎಳೆದು ಎಂಜಿನ್ ನಿಲ್ಲಿಸಿ ಕಲಿಯಬೇಕು.

3. ಬೆಲ್ಟಿನಿಂದ ಕೆಲಸ ಮಾಡಿಸುವಾಗ ಗೇರು ನ್ಯೂಟ್ರಲ್ಲಿನಲ್ಲಿರಲಿ. ಚಕ್ರಗಳ ಹಿಂದೆಯೂ ಮುಂದೆಯೂ ಕಲ್ಲು ಕೊಡಿರಿ.

4. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಯಲ್ಲಿಯೇ ಇರಲಿ. ಸುತ್ತಿ ಹಿಡಿದರೆ ಎಂಜಿನ್ ಹಿಂದಕ್ಕೆ ಒದ್ದಾಗ ಹೆಬ್ಬೆರಳು ಅಥವಾ ಮಣಿಕಟ್ಟು ಮುರಿಯುತ್ತದೆ.

5. ಕಟ್ಟಿಕೊಂಡ ಮೇವನ್ನು ಎಂಜಿನ್ ನಿಲ್ಲಿಸಿಯೇ ತೆಗೆಯಿರಿ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರು ಬಹಳವಾದ್ದರಿಂದಲೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂದಿತು. ತೆನೆ ಹಾಕುವ ದೋಣಿ ಕನಿಷ್ಠ 90 ಸೆಂಟಿಮೀಟರ್ ಉದ್ದವಿರಬೇಕು, ಅದರಲ್ಲಿ ಒಳಗಡೆಯ 45 ಸೆಂಟಿಮೀಟರ್ ಮುಚ್ಚಿರಬೇಕು. ನಿಮ್ಮ ಮನೆಯ ಯಂತ್ರದ ದೋಣಿ ಇದಕ್ಕಿಂತ ಗಿಡ್ಡವಾಗಿದ್ದರೆ ವೆಲ್ಡಿಂಗ್ ಮಾಡಿಸಿ ಉದ್ದ ಮಾಡಿಸಿರಿ.

6. ಕುಡಿದವರು ಯಂತ್ರ ಮುಟ್ಟಬಾರದು. ಯಜಮಾನನಾದರೂ ಅಷ್ಟೇ.

ದೇಹಕ್ಕೆ ನಿಧಾನವಾಗಿ ಆಗುವ ಹಾನಿ

ಕಿವಿ: ತೋಳಿನ ಉದ್ದದಷ್ಟು ದೂರದಲ್ಲಿ ನಿಂತವರೊಡನೆ ಕೂಗಿ ಮಾತಾಡಬೇಕಾದರೆ ಆ ಶಬ್ದ ಕಿವಿಗೆ ಕೆಟ್ಟದ್ದು ಎಂದು ತಿಳಿಯಿರಿ. ಅಮೆರಿಕದ ಉದ್ಯೋಗ ಆರೋಗ್ಯ ಸಂಸ್ಥೆಯು 85 ಡೆಸಿಬೆಲ್ ಶಬ್ದಕ್ಕೆ ದಿನಕ್ಕೆ 8 ಗಂಟೆಯ ಮಿತಿಯನ್ನಿಟ್ಟಿದೆ. ಶಬ್ದ 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹೀಗೆ ಹೋದ ಕಿವಿ ಮರಳಿ ಬರುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಕಿವಿಬಿರಡೆ ಬಳಸಿರಿ. ಸೈಲೆನ್ಸರ್ ತೂತಾಗಿದ್ದರೆ ಬದಲಾಯಿಸಿರಿ.

ಕೈ: ಟಿಲ್ಲರಿನ ನಡುಕದಿಂದ ಬೆರಳು ಜೋಮು ಹಿಡಿಯುವುದು, ಚಳಿಗೆ ಬೆಳ್ಳಗಾಗುವುದು ಎಚ್ಚರಿಕೆಯ ಗುರುತು. ಹ್ಯಾಂಡಲಿಗೆ ಒಳ್ಳೆಯ ರಬ್ಬರು ಹಿಡಿಕೆ ಹಾಕಿ, ಅರ್ಧ ಗಂಟೆಗೊಮ್ಮೆ ಕೈ ಬಿಡಿರಿ.

ಶ್ವಾಸಕೋಶ: ಡೀಸೆಲ್ ಹೊಗೆಯು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಘೋಷಿಸಿತು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬೇಡಿರಿ. ಹೊಗೆ ಅಡುಗೆಮನೆಯ ಕಡೆಗೆ ಬೀಸದಂತೆ ಗಾಳಿ ನೋಡಿ ನಿಲ್ಲಿಸಿರಿ. ಒಕ್ಕುವಾಗ ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಳ್ಳಿರಿ.

ಇನ್ನೊಂದು ಕೆಟ್ಟ ಅಭ್ಯಾಸವಿದೆ. ಪೈಪಿಗೆ ಬಾಯಿಟ್ಟು ಡೀಸೆಲ್ ಎಳೆಯುವುದು. ಒಂದು ಗುಟುಕು ಶ್ವಾಸನಾಳಕ್ಕೆ ಹೋದರೂ ಪುಪ್ಪುಸ ಉರಿಯುತ್ತದೆ. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ವಾಂತಿಯಲ್ಲಿ ಅದೇ ಡೀಸೆಲ್ ಮತ್ತೆ ಶ್ವಾಸಕ್ಕೆ ಹೋಗುತ್ತದೆ. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಕೈಪಂಪು ಅಗ್ಗದಲ್ಲಿ ಸಿಗುತ್ತದೆ.

ಅಪಘಾತವಾದರೆ

ಮೊದಲು ಎಂಜಿನ್ ನಿಲ್ಲಿಸಿರಿ. ಸಿಕ್ಕಿಕೊಂಡವರನ್ನು ಎಳೆಯುವುದು ಆಮೇಲೆ. ರಕ್ತ ಸುರಿಯುವ ಕಡೆ ಶುಭ್ರವಾದ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ, ಸಗಣಿ ಹಾಕಬೇಡಿರಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸು ಹಾಕಿದ ನೀರಿನಲ್ಲಿಟ್ಟು ಜೊತೆಯಲ್ಲೇ ಒಯ್ಯಿರಿ. ಬೆರಳು ನೇರವಾಗಿ ಐಸಿಗೆ ತಾಗಬಾರದು. ಕುದಿಯುವ ನೀರು ಮೈಮೇಲೆ ಸಿಡಿದರೆ 20 ನಿಮಿಷ ತಣ್ಣೀರು ಸುರಿಯುತ್ತಿರಿ. ಸಣ್ಣ ಗಾಯವಾದರೂ ಸೋಪುನೀರಿನಿಂದ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ. ತಮಿಳುನಾಡಿನಲ್ಲಿ 2008ರಿಂದ 108 ಆಂಬುಲೆನ್ಸ್ ಸೇವೆಯಿದೆ. ಆ ಸಂಖ್ಯೆಯನ್ನು ಟಿಲ್ಲರಿನ ಮೇಲೆಯೇ ಬಣ್ಣದಲ್ಲಿ ಬರೆದಿಡಿರಿ.

ಮನೆಯವರೆಲ್ಲ ಕೂಡಿ ಉತ್ತರಿಸಿರಿ

1. ನಮ್ಮ ಮನೆಯ ಎಂಜಿನ್ನನ್ನು ನಿಲ್ಲಿಸಲು ಎಷ್ಟು ಮಂದಿಗೆ ಗೊತ್ತು? ಗೊತ್ತಿಲ್ಲದವರು ಯಾರು?

2. ಎಂಜಿನ್ 1600 ಸುತ್ತು, ಅದರ ಪುಲ್ಲಿ 5 ಅಂಗುಲ. ಯಂತ್ರಕ್ಕೆ 1000 ಸುತ್ತು ಬೇಕಾದರೆ ಎಷ್ಟು ಅಂಗುಲದ ಪುಲ್ಲಿ ಬೇಕು? (ಉತ್ತರ: 8)

3. ನಮ್ಮ ಬೆಲ್ಟಿಗೆ ಮುಚ್ಚಳವಿದೆಯೇ? ಇಲ್ಲದಿದ್ದರೆ ಯಾವ ದಿನ ಮಾಡಿಸುತ್ತೇವೆ?

ಬರುವ ಭಾನುವಾರ ಊಟವಾದ ಮೇಲೆ ಮನೆಯವರೆಲ್ಲರೂ ಟಿಲ್ಲರಿನ ಸುತ್ತ ನಿಂತು, ಒಬ್ಬೊಬ್ಬರಾಗಿ ಆ ಕೆಂಪು ಲಿವರನ್ನು ಎಳೆದು ನೋಡಿರಿ. ಅದಕ್ಕೆ ಹತ್ತು ನಿಮಿಷ ಸಾಕು. ಮುಂದಿನ ಮನೆಭೇಟಿಯಲ್ಲಿ ನಾವು ಕಾಫಿಗೆ ಮೊದಲು ನಿಮ್ಮ ಬೆಲ್ಟಿನ ಮುಚ್ಚಳವನ್ನು ನೋಡುತ್ತೇವೆ, ಬೇಸರ ಮಾಡಿಕೊಳ್ಳಬೇಡಿರಿ.